ನಿನ್ನ ತಂಗಿಗೆ ನಾನು ಬೇಡ ಅನ್ನುವುದಿಲ್ಲ

ಅಭಯ,

ಕ್ಷೇಮ ಸಮಾಚಾರ ಕೇಳಿ ಶುರುಮಾಡುವ ಪತ್ರ ಇದಲ್ಲ. ನೀನು ಚೆನ್ನಾಗಿದ್ದೀಯ ಎಂದು ಸೇಡಂನಲ್ಲಿ ಕೇಳದಿದ್ದರೂ ಹೇಳುವವರಿದ್ದಾರೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಒಳ್ಳೆಯ ಹುದ್ದೆ, ಕ್ವಾರ್ಟರ್ಸ್, ಹೆಂಡತಿ, ಮಗು. ಕೇಳಿ ಸಂತೋಷವೇ ಆಗಿದೆ, ಸುಳ್ಳಲ್ಲ. ನಾನೂ ಚೆನ್ನಾಗಿದ್ದೇನೆ. ನೀನು ನಂಬುವುದಿಲ್ಲ ಎಂದು ಗೊತ್ತಿರುವುದರಿಂದಲೇ ಇದನ್ನು ಮೊದಲು ಬರೆಯುತ್ತಿದ್ದೇನೆ.

ನಿನ್ನೆ ನೀನು ಫೋನಿನಲ್ಲಿ ಕಳಿಸಿದ ಧ್ವನಿ ಸಂದೇಶವನ್ನು ಅಡುಗೆಮನೆಯಲ್ಲಿ ನಿಂತು ಕೇಳಿದೆ. ಬೇಸಿಗೆ ರಜೆಗೆ ಊರಿಗೆ ಬಂದಿದ್ದೇನೆ, ಅಜ್ಜಿಗೆ ಬೇಳೆ ಬೇಯಿಸುತ್ತಿದ್ದೆ. ಇಷ್ಟು ವರ್ಷದ ಮೇಲೆ ನಿನ್ನ ದನಿ. "ವಿದ್ಯಾ, ನಮ್ಮ ಪ್ರಮಿತಾಗ ಹೈದ್ರಾಬಾದಿನಾಗ ಇಟಾಲಿಯನ್ ಬಿ.ಎ.ಗೆ ಸೀಟ್ ಸಿಕ್ಕದ. ನಮ್ಮ ಯಾರ ಮಾತೂ ಕೇಳಲಿಕತ್ತಿಲ್ಲ. ನೀ ಹೇಳಿದ್ರ ಕೇಳ್ತಾಳ. ಆ ಭಾಷಾ ಕಲ್ತು ನಿನಗ ಏನು ಸಿಕ್ತು, ಏನು ಹೋತು, ಎಲ್ಲಾ ಬಿಚ್ಚಿ ಹೇಳು. ಬ್ಯಾಡ ಅನ್ನು. ಇಷ್ಟು ಉಪಕಾರ ಮಾಡು." ಇನ್ನೇನೋ ಹೇಳುತ್ತೀಯ ಎಂದು ಕಾದೆ. ಸಂದೇಶ ಮುಗಿದುಹೋಯಿತು.

ದನಿಯಲ್ಲೇ ಉತ್ತರ ಕೊಡಬಹುದಿತ್ತು. ಕೊಡಲು ಹೋಗಿ ಎರಡು ಸಲ ಅಳಿಸಿದೆ. ಮಾತಾಡುತ್ತ ಮಾತಾಡುತ್ತ ನನ್ನ ದನಿ ಏರುತ್ತದೆ, ಆಮೇಲೆ ನೀನು ನೆನಪಿಟ್ಟುಕೊಳ್ಳುವುದು ದನಿಯನ್ನೇ, ಮಾತನ್ನಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏನು ಸಿಕ್ಕಿತು, ಏನು ಹೋಯಿತು ಎಂದು ಕೇಳಿದ್ದೀಯಲ್ಲ, ಬಿಚ್ಚಿಯೇ ಹೇಳುತ್ತೇನೆ, ಕೇಳು.

ಇಟಾಲಿಯನ್ ನನಗೆ ಹೇಗೆ ಗಂಟುಬಿತ್ತು ಎಂದು ನಿನಗೆ ಗೊತ್ತು. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಪಿಯುಸಿ ಮುಗಿಸಿ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಬಿ.ಎ. ಎಂದು ಪರೀಕ್ಷೆ ಬರೆದೆ. ಅದು ಸಿಗಲಿಲ್ಲ. ಎರಡನೆಯ ಆಯ್ಕೆಯಲ್ಲಿ ಏನೋ ಒಂದಿರಲಿ ಎಂದು ಬರೆದಿದ್ದ ಇಟಾಲಿಯನ್ ಸಿಕ್ಕಿತು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಮಾಸ್ತರರು. "ಇಂಗ್ಲಿಷ್ ಆದ್ರ ಮಾಸ್ತರಿಕಿ ಸಿಗ್ತದ. ಈ ಮ್ಲೇಚ್ಛ ಭಾಷಾ ಕಲ್ತು ಯಾರ ಜೋಡಿ ಮಾತಾಡಾಕಿ?" ಅಂದರು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನ ಪರವಾಗಿ ಅಪ್ಪನನ್ನು ಒಪ್ಪಿಸುವವರು ಮನೆಯಲ್ಲಿ ಇರಲಿಲ್ಲ. ನನ್ನನ್ನು ಸಾಕಿದ ಜಾನಕೀಬಾಯಿ ಅಜ್ಜಿಗೆ ಇಟಲಿ ಎಂದರೆ ರೊಟ್ಟಿಯ ಮೇಲೆ ಏನೇನೋ ಸುರಿದುಕೊಂಡು ತಿನ್ನುವವರ ಊರು. "ಮಡಿ ಇಲ್ಲ, ಮೈಲಿಗಿ ಇಲ್ಲ. ಅಂಥವರ ಭಾಷಾ ನಾಲಿಗಿ ಮ್ಯಾಲ ಯಾಕ ಬೇಕು?" ಅಂದಳು. ನಮ್ಮ ಓಣಿಯ ಕಿರಾಣಿ ಅಂಗಡಿಯ ಭಾಗಣ್ಣ ನಾನು ಊರಿಗೆ ಬಂದಾಗಲೆಲ್ಲ ಒಂದೇ ಚೇಷ್ಟೆ ಮಾಡುತ್ತಿದ್ದ: "ಏನ್ರೀ ಅಕ್ಕೋರೆ, ಇಟಲಿ ಮಾರ್ಬಲ್ ತರಸ್ತೀರೇನು? ನಮ್ಮ ಶಹಾಬಾದ ಫರ್ಸಿ ಏನು ಪಾಪ ಮಾಡ್ಯದ?" ನಮ್ಮ ಕಡೆ ಹುಟ್ಟಿದವರಿಗೆಲ್ಲ ಕಾಲಡಿಗೆ ಶಹಾಬಾದದ ಕಲ್ಲೇ. ಇಟಲಿಯ ಹೆಸರು ಕೇಳಿದರೆ ನೆಲಕ್ಕೆ ಹಾಸುವ ಕಲ್ಲಿನ ಹೊರತು ಇನ್ನೊಂದು ನೆನಪಾಗುತ್ತಿರಲಿಲ್ಲ. ನನಗೂ ಅಷ್ಟೇ.

ಮೊದಲ ವಾರ ನಾನು ವಾಪಸು ಬರುವ ಯೋಚನೆಯಲ್ಲೇ ಇದ್ದೆ. ದಿಲ್ಲಿ, ಕಲ್ಕತ್ತಾ, ಬೆಂಗಳೂರಿನ ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಹುಡುಗಿಯರ ನಡುವೆ ಸೇಡಂನ ಕನ್ನಡ ಶಾಲೆಯವಳು ನಾನೊಬ್ಬಳೇ. ಹಾಸ್ಟೆಲಿನಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ನಾನು ಮನೆಗೆ ಫೋನು ಮಾಡುವಾಗ 'ಊಟ ಮಾಡ್ಲಿಕತ್ತೀನಿ' ಅಂದದ್ದನ್ನು ಕೇಳಿ, ಅದನ್ನೇ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ತೆರೆಯಲು ಹೆದರಿಕೆ. ಆಗ ಒಂದು ದಿನ ನಮ್ಮ ಜಬೀನಾ ಮೇಡಂ ಬೋರ್ಡಿನ ಮೇಲೆ ಎರಡು ಪದ ಬರೆದರು. ಒಂದು 'ಸೇತೆ', ಅಂದರೆ ಬಾಯಾರಿಕೆ. ಇನ್ನೊಂದು 'ಸೆತ್ತೆ', ಅಂದರೆ ಏಳು ಎಂಬ ಅಂಕಿ. ಒತ್ತು ಸರಿಯಾಗಿ ಬೀಳದಿದ್ದರೆ ನೀರು ಕೇಳಲು ಹೋಗಿ ಏಳು ಎಂದು ಹೇಳಿ ಬರುತ್ತೀರಿ ಅಂದರು. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಹಲವರಿಗೆ ಎರಡೂ ಒಂದೇ ಆಗುತ್ತಿತ್ತು. ನನ್ನ ಸರದಿ ಬಂತು. ಕಡಿ, ಕಡ್ಡಿ. ಬಳಿ, ಬಳ್ಳಿ. ಹುಟ್ಟಿದಾಗಿನಿಂದ ಒತ್ತಕ್ಷರದ ಮೇಲೇ ಬದುಕಿದವಳು ನಾನು. ಹೇಳಿದೆ. ಮೇಡಂ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಊರು ಯಾವುದು ಎಂದು ಕೇಳಿದರು. ಸೇಡಂ ಅಂದೆ. ಅವರು ನಕ್ಕು, ಇಡೀ ಕ್ಲಾಸಿನ ಎದುರು, "ನಮ್ಮ ಅಮ್ಮಿ ತವರಮನಿ ಚಿತ್ತಾಪುರ. ಬಾ, ಮುಂದ ಬಂದು ಕುಂದ್ರು" ಅಂದರು.

ಆ ದಿನ ಏನಾಯಿತು ಎಂದು ನಿನಗೆ ಎಷ್ಟೋ ಸಲ ಹೇಳಿದ್ದೆ. ಯಾವ ಬಾಯಿಗೆ ನಾನು ನಾಚುತ್ತಿದ್ದೆನೋ ಅದೇ ಬಾಯಿ ಅಲ್ಲಿ ಕೆಲಸಕ್ಕೆ ಬಂತು. ಆ ಭಾಷೆಯಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಪದವೂ ನಮ್ಮದರಂತೆ ಸ್ವರದಲ್ಲೇ ಮುಗಿಯುತ್ತದೆ. ಹೇಳಿ ಮುಗಿಸಿದರೂ ಬಾಯಿ ತೆರೆದೇ ಇರುತ್ತದೆ. ಬಿ.ಎ. ಮುಗಿಯುವ ಹೊತ್ತಿಗೆ ನಾನು ಅದರಲ್ಲಿ ಕನಸು ಕಾಣುತ್ತಿದ್ದೆ. ಪದ್ಯ ಓದಿದೆ, ನಾಟಕ ಓದಿದೆ, ಅಲ್ಲಿನ ಚಿತ್ರಗಳ ಬಗ್ಗೆ, ಊಟದ ಬಗ್ಗೆ, ಜಗಳಗಳ ಬಗ್ಗೆ ಓದಿದೆ. ಪಂಡಿತರ ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ಬರೆಯಲು ಹೊರಟವರನ್ನು ಅಲ್ಲಿನ ದೊಡ್ಡವರು ಹೇಗೆ ಹೀಗಳೆದರು ಎಂದು ಓದಿದಾಗ, ಸಂಸ್ಕೃತದ ಪಂಡಿತರ ನಡುವೆ ಕನ್ನಡದಲ್ಲಿ ದೇವರನಾಮ ಹಾಡಿದ ನಮ್ಮ ದಾಸರು ನೆನಪಾದರು. ಪುಸ್ತಕ ಮುಚ್ಚಿಟ್ಟು ನಕ್ಕೆ. ಇಷ್ಟು ದೂರ ಬಂದು ನಮ್ಮ ಓಣಿಯ ಜಗಳವನ್ನೇ ಓದುತ್ತಿದ್ದೇನಲ್ಲ ಎಂದು.

ನಾನು ಎಂ.ಎ. ಸೇರಿದ ವರ್ಷ ನಿನಗೂ ನನಗೂ ನಿಶ್ಚಿತಾರ್ಥವಾಯಿತು. ಹಿರಿಯರು ಮಾಡಿದ್ದು ಹೌದು. ಆದರೆ ನನಗೆ ಇಷ್ಟವಿತ್ತು, ಅಭಯ. ಇದನ್ನು ಆಗ ಬಾಯಿಬಿಟ್ಟು ಹೇಳಿರಲಿಲ್ಲ. ಒಂದೇ ಓಣಿಯಲ್ಲಿ ಬೆಳೆದರೂ ನಿನ್ನ ಜೊತೆ ಸರಿಯಾಗಿ ಮಾತಾಡಿದ್ದು ಆಮೇಲೆಯೇ. ನೀನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದೆ, ಶನಿವಾರದ ಗಾಡಿಯಲ್ಲಿ ಇಬ್ಬರೂ ಸೇಡಂಗೆ ಬರುತ್ತಿದ್ದೆವು. ತಾಂಡೂರು ದಾಟುವವರೆಗೆ ನೀನು ನನ್ನಿಂದ ಇಟಾಲಿಯನ್ ಪದ ಹೇಳಿಸಿಕೊಂಡು ತಪ್ಪುತಪ್ಪಾಗಿ ಹೇಳುತ್ತಿದ್ದೆ. ಎದುರು ಕುಳಿತವರು ನಗುತ್ತಿದ್ದರು. ನೀನು ಕೇರ್ ಮಾಡುತ್ತಿರಲಿಲ್ಲ. ಆ ಹುಡುಗನನ್ನು ನಾನು ಬಹಳ ದಿನ ಹುಡುಕಿದೆ.

ಆಮೇಲೆ ಆ ಆಯ್ಕೆ ಬಂತು. ಇಟಲಿಯ ಪೆರೂಜಾದಲ್ಲಿ ಒಂದು ವರ್ಷ ಓದಲು, ವಿದ್ಯಾರ್ಥಿವೇತನದ ಮೇಲೆ, ನಮ್ಮ ವಿಭಾಗದಿಂದ ನನ್ನ ಹೆಸರು. ಮದುವೆ ಒಂದು ವರ್ಷ ಮುಂದೆ ಹೋಗಬೇಕಿತ್ತು, ಅಷ್ಟೇ. ನೀನು 'ಹೋಗು' ಅಂದೆ. ನಿಮ್ಮ ತಂದೆ ವಿಠ್ಠಲರಾವ್ ಕಾಕಾ ಗೊಣಗಿದರೂ ಒಪ್ಪಿದರು. ಅಪ್ಪನೂ ಒಲ್ಲದ ಮನಸ್ಸಿನಿಂದ ಸಹಿ ಹಾಕಿದರು. ಅದೇ ವಾರ ಅಜ್ಜಿ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ನಾನು ಅವಳ ಮಂಚ ಬಿಟ್ಟು ಅಲುಗುವಂತಿರಲಿಲ್ಲ. ಸೋಮವಾರದೊಳಗೆ ನನ್ನ ಕಾಗದಪತ್ರಗಳನ್ನು ವಿಶ್ವವಿದ್ಯಾಲಯದಲ್ಲಿ ಕೈಯಾರೆ ಕೊಡಬೇಕಿತ್ತು. ನೀನು ಹೊರಟಿದ್ದೆ. ನಿನ್ನ ಕೈಗೆ ಕೊಟ್ಟೆ. ಬೇರೆ ಯಾರಿಗೆ ಕೊಡುತ್ತಿದ್ದೆ ಹೇಳು? ಸೋಮವಾರ ಸಂಜೆ ನೀನೇ ಫೋನು ಮಾಡಿ, "ಕೊಟ್ಟೀನಿ. ನೀ ಅಜ್ಜಿ ಕಡಿ ನೋಡು" ಅಂದೆ.

ಜಬೀನಾ ಮೇಡಂ ಫೋನು ಮಾಡಿದ್ದು ಆ ಶುಕ್ರವಾರ. ಕೋಪದಲ್ಲಿದ್ದರು. ಯಾಕೆ ಕಾಗದ ಕೊಡಲಿಲ್ಲ, ಹೋಗುವ ಮನಸ್ಸಿಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ, ಈಗ ಮುಂದಿನ ಹುಡುಗಿಗೆ ಕೊಟ್ಟಾಯಿತು ಅಂದರು. ನಾನು ಕೊಟ್ಟಿದ್ದೇನೆ, ಅಲ್ಲೇ ಎಲ್ಲೋ ಕಳೆದಿರಬೇಕು ಎಂದು ವಾದ ಮಾಡಿದೆ. ನಿನ್ನ ಮೇಲೆ ಅನುಮಾನ ಬರಲೇ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಅತ್ತೆ. ಅವರ ಕೋಪ ಇಳಿಯಿತು. "ರೋ ನಕ್ಕೊ" ಅಂದರು. ಅಳಬೇಡ ಎಂದು ಹೇಳುವಾಗ ಅವರಿಗೆ ಇಟಾಲಿಯನ್ನೂ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ, ಮನೆಯ ದಖನಿಯೇ ಬರುತ್ತಿತ್ತು.

ವಾಡಿ ಜಂಕ್ಷನ್ ನಿನಗೆ ನೆನಪಿರಲೇಬೇಕು. ಮರುದಿನ ನೀನು ಅಜ್ಜಿಯನ್ನು ನೋಡಲು ಬಂದಿದ್ದೆ. ಅಪ್ಪನನ್ನು ಅಜ್ಜಿಯ ಹತ್ತಿರ ಕೂರಿಸಿ, ಮನೆಯಿಂದ ಅವಳ ಮಡಿಸೀರೆ ತರಲು ನಾನೂ ನಿನ್ನ ಜೊತೆ ಹೊರಟೆ. ಸೇಡಂ ಕಡೆಯ ಗಾಡಿಗೆ ವಾಡಿಯಲ್ಲಿ ಕಾಯುತ್ತ ಕುಳಿತಿದ್ದೆವು. ಬಿಸಿಲಿತ್ತು, ಬೇವಿನ ಎಲೆಗಳ ಮೇಲೆ ಸಿಮೆಂಟಿನ ಬೂದಿ ಕುಳಿತಿತ್ತು. ಆಫೀಸಿನವರನ್ನು ಹಿಡಿದು ಕೇಳಬೇಕು ಎಂದುಕೊಂಡು, "ಅಭಯ, ಆ ಕಾಗದ ಯಾರ ಕೈಯಾಗ ಕೊಟ್ಟಿ? ಹೆಂಗಸೋ ಗಂಡಸೋ?" ಎಂದು ಕೇಳಿದೆ. ಅಷ್ಟೇ ಕೇಳಿದ್ದು. ನೀನು ಹಳಿಯ ಕಡೆ ನೋಡಿದೆ. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಬಂತು. ಡಬ್ಬಿಯ ಮೇಲೆ ಡಬ್ಬಿ ಹೋಗುತ್ತಲೇ ಇತ್ತು. ಆ ಸದ್ದಿನಲ್ಲಿ ನಿನ್ನ ಮುಖ ನೋಡುತ್ತ ನೋಡುತ್ತ ನನಗೆ ಗೊತ್ತಾಯಿತು. ಗಾಡಿ ಹೋದ ಮೇಲೆ ನೀನು ಹೇಳಿದೆ: "ಕೊಟ್ಟಿಲ್ಲ."

"ನಿನ್ನ ಒಳ್ಳೇದಕ್ಕೇ ಮಾಡೀನಿ" ಅಂದೆ. "ಅಲ್ಲಿ ಹೋದಾಕಿ ಮತ್ತ ಸೇಡಂಕ ಬಂದು ನಮ್ಮ ಮನ್ಯಾಗ ರೊಟ್ಟಿ ಬಡೀತಿದ್ದೇನು?" ಅಂದೆ. ಕೊನೆಗೆ, ತಲೆ ಬಗ್ಗಿಸಿಕೊಂಡು, "ನನಗ ಹೆದರಿಕಿ ಆತು ವಿದ್ಯಾ" ಅಂದೆ. ಅದೊಂದೇ ಖರೆ ಮಾತು. ಅದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ ನಾನು ಬಲ್ಲೆ. ಆ ಬೆಂಚಿನ ಮೇಲೆ ನಿನ್ನ ಕೈ ಹಿಡಿದುಕೊಂಡು ಕುಳಿತಿರುತ್ತಿದ್ದೆ. "ಹೆದರಿಕಿ ಆದ್ರ ಹೆದರಿಕಿ ಆಗ್ಯದ ಅನ್ನಬೇಕಿತ್ತು. ಕೊಟ್ಟೀನಿ ಅಂತ ಯಾಕ ಅಂದಿ?" ಎಂದು ಕೇಳಿ ಎದ್ದುಹೋದೆ. ಗಾಡಿ ಬಂದಾಗ ಹೆಂಗಸರ ಡಬ್ಬಿ ಹತ್ತಿದೆ. ಸೇಡಂ ಬರುವವರೆಗೆ ಒಬ್ಬ ಮುದುಕಿ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಹಸಿವು ಹೇಗಿತ್ತೆಂದರೆ, ವಾರದಿಂದ ಉಪವಾಸ ಇದ್ದವಳಂತೆ.

ಅಜ್ಜಿ ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಮನೆಯವರು ನಮ್ಮ ಮನೆಗೆ ಬಂದರು. ಮದುವೆಯ ದಿನ ಗೊತ್ತುಮಾಡುವುದಕ್ಕೆ! ಕಾಗದದ ವಿಷಯ ಅಷ್ಟು ಸಣ್ಣದಾಗಿತ್ತು ಅವರಿಗೆ. ವಿಠ್ಠಲರಾವ್ ಕಾಕಾ ಚೂಡಾ ತಿನ್ನುತ್ತ, "ಲಗ್ನ ಆದ ಮ್ಯಾಲ ಮನ್ಯಾಗ ಕೂತು ಎಷ್ಟು ಬೇಕಾದ್ರೂ ಓದ್ಲಿ. ಯಾರು ಬ್ಯಾಡ ಅಂತಾರ?" ಅಂದರು. ನಾನು ಒಳಗಿನಿಂದ ಬಂದು, "ಓದೋ ಮಾತಲ್ಲ ಕಾಕಾ. ಅಭಯ ನನಗ ಸುಳ್ಳು ಹೇಳ್ಯಾನ" ಅಂದೆ. ಅಪ್ಪ ನಿನ್ನ ಕಡೆ ತಿರುಗಿ, "ಖರೆ ಏನಪಾ?" ಎಂದು ಕೇಳಿದರು. ನೀನು ನಿನ್ನ ತಂದೆಯ ಮುಖ ನೋಡಿದೆ. ಅಪ್ಪ ನನ್ನ ಕಡೆ ತಿರುಗಿ, "ಆದದ್ದು ಆತು, ಬಿಟ್ಟುಬಿಡು ತಂಗಿ" ಅಂದರು. ನಾನು ಉಂಗುರ ತೆಗೆದು ಚಹಾದ ತಾಟಿನಲ್ಲಿಟ್ಟೆ. "ಈ ಮನಿತನಕ ಬಂದವರಿಗೆ ಅವಮಾನ ಮಾಡ್ತಿ?" ಎಂದು ನಿಮ್ಮ ತಾಯಿ ಕೇಳಿದರು. "ನಾ ಅವಮಾನ ಮಾಡಲಿಕತ್ತಿಲ್ಲ ಕಾಕು. ಇಂಥಾ ಲಗ್ನ ನನಗ ಬ್ಯಾಡ ಅನ್ಲಿಕತ್ತೀನಿ" ಅಂದೆ.

ಆಮೇಲಿನದು ನಿನಗೆ ಅರ್ಧ ಮಾತ್ರ ಗೊತ್ತು. ನೀನು ಮರುವರ್ಷವೇ ಮದುವೆಯಾದೆ, ನಿನ್ನನ್ನು ಊರು ಏನೂ ಕೇಳಲಿಲ್ಲ. ನನ್ನನ್ನು ಕೇಳಿತು. ಹುಡುಗಿಗೆ ಹೈದರಾಬಾದಿನಲ್ಲಿ ಯಾರೋ ಇದ್ದಾರಂತೆ ಅಂದರು. ಇಟಲಿಯವನೇ ಇದ್ದಾನಂತೆ ಅಂದರು. ಅಜ್ಜಿ ಮಲಗಿದಲ್ಲಿಂದಲೇ, "ಮನಿ ಮಾನ ತಾಟಿನಾಗ ಇಟ್ಟು ಕಳಿಸಿದಿ" ಎಂದು ಅತ್ತಳು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ನಾನು ಹೈದರಾಬಾದಿಗೆ ಹೋಗಿ ಎಂ.ಎ. ಮುಗಿಸಿದೆ. ವಿದ್ಯಾರ್ಥಿವೇತನಕ್ಕೆ ಮತ್ತೆ ಅರ್ಜಿ ಹಾಕಿದೆ, ಆಗಲಿಲ್ಲ. ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಅಲ್ಲೇ ಉಳಿದೆ.

ಅಪ್ಪನ ಮೌನ ಮುರಿದದ್ದು ನಾನಲ್ಲ, ಇಟಾಲಿಯನ್ನೇ. ರಜೆಗೆ ಬಂದಾಗ ಪ್ರಮಿತಾ ಹಿತ್ತಲಿನ ಗೋಡೆ ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು. ನಿಮ್ಮ ಮನೆಯಲ್ಲಿ ಬೇಡ ಅಂದಿದ್ದರು, ಆದರೂ ಬರುತ್ತಿದ್ದಳು. ಆಗ ಅವಳು ಇನ್ನೂ ಶಾಲೆಯ ಹುಡುಗಿ. ಒಂದು ದಿನ ಅವಳಿಗೆ ಅಂಕಿಗಳ ಹೆಸರು ಕಲಿಸುತ್ತಿದ್ದೆ: ದೂವೆ, ತ್ರೆ, ಸೆತ್ತೆ, ಒತ್ತೊ. ಹೊರಗೆ ಪೇಪರು ಓದುತ್ತಿದ್ದ ಅಪ್ಪ ಗೋಡೆಗೆ ಹೇಳುವಂತೆ, "ದ್ವಿ, ತ್ರಿ, ಸಪ್ತ, ಅಷ್ಟ" ಅಂದರು. ಪ್ರಮಿತಾ ಹೆದರದೆ, "ಕಾಕಾ, ಮೊಳಕಾಲಿಗೆ ಜಿನೊಕ್ಕಿಯೊ ಅಂತಾರ. ಸಂಸ್ಕೃತದಾಗ?" ಎಂದು ಕೇಳಿದಳು. "ಜಾನು" ಅಂದರು ಅಪ್ಪ. ಪೇಪರು ಮಡಚಿಟ್ಟು ಒಳಗೆ ಬಂದರು. ದೇವರಿಗೆ ಏನಂತಾರೆ ಎಂದು ನನ್ನನ್ನು ಕೇಳಿದರು. 'ದೀಯೊ' ಅಂದೆ. 'ದೇವ, ದೀಯೊ' ಎಂದು ತಾವೇ ಹೇಳಿ ನೋಡಿ, "ಅಂದ್ರ ಭಾಳ ದೂರದವರೇನಲ್ಲ" ಅಂದರು. ಅಷ್ಟು ದಿನದ ಮೇಲೆ ಅವರು ನನ್ನ ಜೊತೆ ಮಾತಾಡಿದ್ದು ಆಗಲೇ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕ್ಷಮಿಸಿ ಎಂದು ನಾನೂ ಕೇಳಲಿಲ್ಲ. ಆಮೇಲೆ ವಾರಕ್ಕೊಮ್ಮೆ ಫೋನು ಮಾಡಿ ಪದ ಕೇಳುತ್ತಿದ್ದರು. ಅದರ ಮುಂದಿನ ವರ್ಷ ಪೆರೂಜಾದ ವಿದ್ಯಾರ್ಥಿವೇತನ ಕೊನೆಗೂ ಸಿಕ್ಕಾಗ, ಮೆಂತ್ಯದ ಹಿಟ್ಟು, ಚಟ್ನಿಪುಡಿಗಳ ಡಬ್ಬಿ ಹಿಡಿದು ವಿಮಾನ ನಿಲ್ದಾಣದವರೆಗೆ ಬಂದವರು ಅವರೇ.

ಪೆರೂಜಾ ಗುಡ್ಡದ ಮೇಲಿನ ಊರು. ಎಲ್ಲ ಕಲ್ಲು. ಚಳಿಯಲ್ಲಿ ಆ ಕಲ್ಲಿನ ಥಂಡಿ ಕಾಲಿನೊಳಗೆ ಹತ್ತಿಕೊಂಡು ಬರುತ್ತದೆ. ಸುಖವಾಗಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಂಗಡಿಯಲ್ಲಿ ನಿಂತು, ಕಲಿತ ಮಾತೆಲ್ಲ ಮರೆತು ಕೈಸನ್ನೆ ಮಾಡಿದ ದಿನಗಳಿವೆ. ಅನ್ನಕ್ಕೆ ಚಟ್ನಿಪುಡಿ ಕಲೆಸಿಕೊಂಡು ಒಬ್ಬಳೇ ಉಂಡು, ಮನೆಗೆ ಫೋನು ಮಾಡಿ ಚೆನ್ನಾಗಿದ್ದೇನೆ ಎಂದ ದಿನಗಳಿವೆ. ಕ್ಲಾಸಿನಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ, ನಿನಗೇಕೆ ಇಟಾಲಿಯನ್ ಎಂದು. ನೋಡು, ಸೇಡಂನಲ್ಲಿ ಭಾಗಣ್ಣ ಕೇಳಿದ್ದೇ ಅದು, ಅಪ್ಪ ಕೇಳಿದ್ದೇ ಅದು. ಅಲ್ಲಿಗೆ ಹೋದರೂ ಅದೇ. ಅಷ್ಟು ವರ್ಷ ನಾನು ನೌಕರಿ, ಅನುವಾದ, ಪ್ರವಾಸಿಗರು ಎಂದೆಲ್ಲ ಕಾರಣ ಕೊಡುತ್ತಿದ್ದೆ. ಆ ದಿನ ಬಾಯಿಂದ ಬಂದದ್ದು 'ಮಿ ಪಿಯಾಚೆ'. ಅಂದರೆ, ನನಗೆ ಇಷ್ಟ. ಇಂಗ್ಲಿಷಿನಲ್ಲಾದರೆ 'ನಾನು' ಎಂದು ಮೊದಲು ಹೇಳಿಕೊಂಡು ಇಷ್ಟಪಡಬೇಕು. ಅವರ ಮಾತಿನಲ್ಲಿ, ನಮ್ಮ ಮಾತಿನಲ್ಲಿ, ನಾವು ಇಷ್ಟಪಡುವುದಲ್ಲ, ಅದು ನಮಗೆ ಇಷ್ಟವಾಗುವುದು. ತಾನಾಗಿ ಬಂದು ನಮ್ಮಲ್ಲಿ ಕೂರುವುದು. ಅದಕ್ಕೆ ಕಾರಣ ಕೇಳಿದರೆ ನಾನೇನು ಕೊಡಲಿ? ಅಂದಿನಿಂದ ಕಾರಣ ಕೊಡುವುದನ್ನು ಬಿಟ್ಟೆ. ಇವತ್ತು ನಿನಗೂ ಕೊಡುವುದಿಲ್ಲ.

ಅಲ್ಲಿ ನಾನಿದ್ದ ಮನೆಯ ಒಡತಿ ದಕ್ಷಿಣ ಇಟಲಿಯ ಹಳ್ಳಿಯವಳು. ಅವಳ ಊರಿನ ಮಾತು ಬೇರೆ, ಶಾಲೆಯ ಇಟಾಲಿಯನ್ ಬೇರೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಊರಮಾತು ಆಡಿದ್ದಕ್ಕೆ ಏಟು ತಿಂದಿದ್ದಳಂತೆ. ಒಲೆಯ ಹತ್ತಿರ ಕುಳಿತು ತನ್ನ ಅಜ್ಜಿಯ ಕಥೆಯೊಂದನ್ನು ಅದೇ ಮಾತಿನಲ್ಲಿ ಹೇಳಿದಳು: ಜಮೀನುದಾರ ಮನೆ ಬಿಡು ಅಂದಾಗ ಒಬ್ಬ ಮುದುಕಿ ಹೊಸ್ತಿಲ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತುಬಿಟ್ಟ ಕಥೆ. ಅವನು ಬಂದಾಗಲೆಲ್ಲ, 'ಈ ಬುಟ್ಟಿ ಮುಗೀಲಿ' ಅನ್ನುತ್ತಿದ್ದಳಂತೆ. ಬುಟ್ಟಿ ಮುಗಿಯುವ ಮೊದಲು ಜಮೀನುದಾರನೇ ಸತ್ತನಂತೆ. ಅದನ್ನು ನಾನು ಕನ್ನಡಕ್ಕೆ ತಂದೆ. ಮೊದಲು ಪುಸ್ತಕದ ಕನ್ನಡದಲ್ಲಿ ಬರೆದೆ, ಹೆಣದಂತೆ ಬಿದ್ದಿತ್ತು. ಹಾಸ್ಟೆಲಿನಲ್ಲಿ ಯಾವ ಮಾತನ್ನು ಅಣಕಿಸಿ ನಗುತ್ತಿದ್ದರೋ ಆ ಮಾತನ್ನು ಮುದುಕಿಯ ಬಾಯಿಗೆ ಕೊಟ್ಟೆ. ಎದ್ದು ಕುಳಿತಳು.

ಊರಿಗೆ ಬಂದ ಮೇಲೆ ಅಜ್ಜಿಗೆ ಓದಿ ಹೇಳಿದೆ. ಮಂಚದ ಮೇಲೆ ಗೋಡೆಗೆ ಒರಗಿ ಕೇಳಿದಳು. ಮುಗಿದ ಮೇಲೆ, "ಛಲೋ ಮಾಡಿದಳು. ಯಾವೂರಾಕಿ? ಚಿಂಚೋಳಿ ಕಡಿಯಾಕಿ ಇರಬೇಕು" ಅಂದಳು. ಇಟಲಿಯವಳು ಅಜ್ಜಿ, ಅಂದೆ. ನನ್ನ ಮುಖ ನೋಡಿದಳು. "ಇರ್ಲಿ ಬಿಡು. ಮಾತು ನಮ್ಮದೇ ಅದ" ಅಂದಳು. ಆಮೇಲೆ ಇನ್ನೊಂದು ಓದು ಅಂದಳು. ಅಭಯ, ಏನು ಸಿಕ್ಕಿತು ಎಂದು ಕೇಳಿದ್ದೀಯಲ್ಲ, ಇದು ಸಿಕ್ಕಿತು. ಇದನ್ನು ನಿನ್ನ ಯಾವ ತಕ್ಕಡಿಯಲ್ಲಿಟ್ಟು ತೂಗುತ್ತೀಯೋ ತೂಗಿಕೋ.

ಏನು ಹೋಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಈಗ ನಾನು ಹೈದರಾಬಾದಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯಬೇಕು. ಮದುವೆಯಾಗಲಿಲ್ಲ. ನೆಂಟರ ಮನೆಯ ಅರಿಶಿನ ಕುಂಕುಮಕ್ಕೆ ಕರೆದರೂ ನನ್ನನ್ನು ಹಿಂದೆ ಕೂರಿಸುತ್ತಾರೆ. ಶನಿವಾರದ ಗಾಡಿಯ ಆ ಹುಡುಗ ಹೋದ. ಅವನು ಹೋದದ್ದಕ್ಕೆ ನಾನು ಅತ್ತಿದ್ದೇನೆ, ಬಹಳ ಅತ್ತಿದ್ದೇನೆ. ಆದರೆ ಕೇಳು, ಇವುಗಳಲ್ಲಿ ಒಂದನ್ನೂ ಇಟಾಲಿಯನ್ ಕಿತ್ತುಕೊಂಡದ್ದಲ್ಲ. ಕಿತ್ತುಕೊಂಡವರು ನಮ್ಮ ಮಾತಿನಲ್ಲೇ ಮಾತಾಡುವವರು.

ಇನ್ನು ಪ್ರಮಿತಾ. ನಿನ್ನ ಮಾತು ನಡೆಸಿದ್ದೇನೆ, ಅರ್ಧ. ಇವತ್ತು ಬೆಳಿಗ್ಗೆ ಅವಳನ್ನು ಕರೆದು ಕೂರಿಸಿಕೊಂಡು ಎಲ್ಲ ಬಿಚ್ಚಿ ಹೇಳಿದೆ. ಕೆಲಸ ಸಿಗದಿರಬಹುದು, ಜನ ನಗಬಹುದು, ಮೊದಲ ವರ್ಷ ಕ್ರಿಯಾಪದಗಳು ಜೀವ ಹಿಂಡುತ್ತವೆ, ಎಷ್ಟು ಕಲಿತರೂ ಅದು ನಿನ್ನ ತಾಯಿನುಡಿಯಾಗುವುದಿಲ್ಲ ಎಂದೆ. ಏನೂ ಕಡಿಮೆ ಮಾಡಿ ಹೇಳಲಿಲ್ಲ. ಅವಳು ಮೊಳಕಾಲು ಅಪ್ಪಿಕೊಂಡು ಕೇಳಿದಳು. ಆಮೇಲೆ, "ವಿದ್ಯಕ್ಕಾ, ಮತ್ತ ಹದಿನೆಂಟು ವರ್ಷದಾಕಿ ಆದ್ರ, ನೀ ಬ್ಯಾರೆ ಏನರ ಓದ್ತಿದ್ದೇನು?" ಎಂದು ಕೇಳಿದಳು. ಇಲ್ಲ ಅಂದೆ. "ಹಂಗಾರ ಅಣ್ಣನ ಮುಂದ ಅದೇ ಹೇಳು" ಅಂದಳು. ಹೇಳುತ್ತಿದ್ದೇನೆ. ನಾನು ಅವಳಿಗೆ ಹೋಗು ಅನ್ನಲಿಲ್ಲ. ಬೇಡ ಅಂತೂ ಅನ್ನುವುದಿಲ್ಲ. ನೀನು ಬಂದು ಕಾಲು ಹಿಡಿದರೂ ಅನ್ನುವುದಿಲ್ಲ.

ಇನ್ನೊಂದು ಮಾತು ಉಳಿದಿದೆ. ವಾಡಿಯಲ್ಲಿ ನೀನು ಒಪ್ಪಿಕೊಂಡದ್ದು ಅವಳಿಗೆ ಗೊತ್ತಿಲ್ಲ. ನಮ್ಮ ಮದುವೆ ಯಾಕೆ ಮುರಿಯಿತು ಎಂದು ಕೇಳಿದಾಗಲೆಲ್ಲ ನಿಮ್ಮ ಮನೆಯಲ್ಲಿ ವಿದ್ಯಾಳಿಗೆ ಸ್ವಲ್ಪ ಸೊಕ್ಕು ಅಂದಿದ್ದಾರೆ. ನಾನು ಇಷ್ಟು ವರ್ಷ ಅದನ್ನು ತಿದ್ದಲಿಲ್ಲ. ಅವಳಿಗೆ ಅಣ್ಣನೆಂದರೆ ಜೀವ, ಅದನ್ನು ಕೆಡಿಸಿ ನನಗೇನಾಗಬೇಕು? ಈಗಲೂ ನಾನು ಹೇಳುವುದಿಲ್ಲ. ಆದರೆ ಇಂದು ಅವಳು ಮನೆಗೆ ಹೊರಡುವ ಮೊದಲು, "ಅಡ್ಮಿಶನ್ನಿಗೆ ಅಣ್ಣನೇ ಕರಕೊಂಡು ಹೋಗ್ತೀನಿ ಅಂದಾನ" ಎಂದು ಸಂತೋಷದಿಂದ ಹೇಳಿದಳು. ಅಲ್ಲಿಯವರೆಗೆ ನಿನ್ನ ಸಂದೇಶಕ್ಕೆ ಉತ್ತರ ಬರೆಯುವುದೋ ಬೇಡವೋ ಎಂದಿದ್ದವಳು ಈ ಕಾಗದ ತೆಗೆದುಕೊಂಡು ಕುಳಿತೆ.

ಅವಳಿಗೆ ಎದುರು ನಿಂತು ಬೇಡ ಅನ್ನುವುದಿದ್ದರೆ ಅನ್ನು. ಜಗಳ ಮಾಡು, ಕೂಗಾಡು, ಅವಳೂ ಕೂಗಾಡಲಿ, ಅದು ಅಣ್ಣತಂಗಿಯರ ಮಾತು. ಆದರೆ ಸರಿ ಎಂದು ಕರೆದುಕೊಂಡು ಹೊರಟರೆ ಕಚೇರಿಯ ಬಾಗಿಲವರೆಗೂ ಹೋಗು. ಹೆದರಿಕೆಯಾದರೆ ಹೆದರಿಕೆಯಾಗಿದೆ ಎಂದು ಅವಳಿಗೇ ಹೇಳು. ಅವಳು ಕೇಳುವ ಹುಡುಗಿ. ಮತ್ತು ಹೊರಡುವ ಮೊದಲು, ನನ್ನ ಕಾಗದಗಳು ಏನಾದವು ಎಂದು ನಿನ್ನ ಬಾಯಿಂದಲೇ ಹೇಳು. ಅವಳು ಸಿಟ್ಟಾಗುತ್ತಾಳೆ. ಆಮೇಲೂ ನಿನ್ನ ಜೊತೆಗೇ ಹೋಗುತ್ತೇನೆ ಅಂದರೆ, ಅವಳು ಅಣ್ಣ ಯಾರೆಂದು ತಿಳಿದುಕೊಂಡು ನಂಬಿದಳು ಎಂದಾಯಿತು. ಆ ನಂಬಿಕೆ ನನ್ನಿಂದ ನಿನಗೆ ಸಿಗಲಿಲ್ಲ. ಅವಳಿಂದ ಸಿಗಲಿ.

ನಿನ್ನ ಮೇಲೆ ಈಗ ಕೋಪವಿಲ್ಲ ಎಂದು ಬರೆದು ಮುಗಿಸಿದರೆ ಚೆಂದ ಕಾಣುತ್ತಿತ್ತು. ಇದೆ, ಅಭಯ. ಅದನ್ನು ಇಟ್ಟುಕೊಂಡೇ ಹರಸುತ್ತೇನೆ: ನಿನ್ನ ಮಗಳು ದೊಡ್ಡವಳಾಗಲಿ, ನೀನು ಹೆಸರೂ ಕೇಳದ ಯಾವುದೋ ವಿದ್ಯೆಯ ಮೇಲೆ ಮನಸ್ಸಿಡಲಿ, ಮತ್ತು ಆ ದಿನ ಅವಳು ಎಲ್ಲರಿಗಿಂತ ಮೊದಲು ಓಡಿಬಂದು ನಿನಗೇ ಹೇಳುವಂಥ ಅಪ್ಪ ನೀನಾಗು.

ಇಟಾಲಿಯನ್ ಕಲಿತ, ಕಲಿಸುವ,
ಶ್ರೀವಿದ್ಯಾ
ಸೇಡಂ